ಕಂಬಳಿ ಕೇಳಿದ ಮಧ್ಯಾಹ್ನ

ಬೀದಿಯವರೆಲ್ಲ ಅವಳನ್ನು ಬೇಸಿಗೆಯಮ್ಮ ಎಂದು ಕರೆಯುತ್ತಿದ್ದರು. ಅವಳ ವಾರಗಿತ್ತಿಯನ್ನು ಮಳೆಯಮ್ಮ ಎನ್ನುತ್ತಿದ್ದರು. ಇಬ್ಬರಿಗೂ ಹೆತ್ತವರಿಟ್ಟ ಚೆಂದದ ಹೆಸರುಗಳಿದ್ದವು. ಆದರೆ ಥಟ್ಟನೆ ಕೇಳಿದರೆ ಅವರ ಗಂಡಂದಿರೇ ಒಂದು ಗಳಿಗೆ ಯೋಚಿಸಬೇಕಾಗಿತ್ತು.

ಈ ಹೆಸರುಗಳು ಬಂದದ್ದು ಅಂಗಡಿಯಿಂದ. ಬೀದಿಯ ತಿರುವಿನಲ್ಲಿ ಎರಡು ಬಾಗಿಲಿನ, ಎತ್ತರದ ಚಾವಣಿಯ ಹಳೆಯ ಅಂಗಡಿ. ಹಿಂಭಾಗದಲ್ಲಿ ಅಂಗಳ, ಅಂಗಳದ ಆ ಕಡೆ ಈ ಕಡೆ ಎರಡು ಸಂಸಾರ. ಮಾವ ಕಟ್ಟಿದ ಅಂಗಡಿ ಅದು. ಬಿಸಿಲಿಗೆ ಬೇಕಾದ ಫ್ಯಾನು, ಹೂಜಿ, ಹುಲ್ಲಿನ ಟೋಪಿ, ತೆಳು ಹೊದಿಕೆಯೂ ಅಲ್ಲೇ ಸಿಗುತ್ತಿತ್ತು. ಚಳಿಮಳೆಗೆ ಬೇಕಾದ ರೇನ್‌ಕೋಟು, ಕಂಬಳಿ, ಸ್ವೆಟರು, ಬಿಸಿನೀರಿನ ಚೀಲವೂ ಅಲ್ಲೇ ಸಿಗುತ್ತಿತ್ತು. ಮಾವನಿಗೆ ಇಬ್ಬರು ಗಂಡುಮಕ್ಕಳು. ಪಾಲಿನ ಮಾತು ಬಂದಾಗ ನೆಂಟರೆಲ್ಲ ಅಂಗಡಿಯ ನಡುವೆ ಗೋಡೆ ಎಬ್ಬಿಸಿ ಎಂದರು. ಮಾವ ಅಂಗಡಿಯ ಮಧ್ಯೆ ಕೈ ಚಾಚಿ ನಿಂತು ಆಚೆ ಈಚೆ ಅಳೆದು ನೋಡಿ, "ಇದನ್ನ ಸೀಳಿದ್ರೆ ಎರಡು ಅಂಗಡಿ ಆಗಲ್ಲ, ಎರಡು ಕೋಳಿಗೂಡು ಆಗುತ್ತೆ" ಎಂದರು. ಕೊನೆಗೆ ಅಂಗಡಿಯನ್ನು ಬಿಟ್ಟು ವರ್ಷವನ್ನೇ ಪಾಲು ಮಾಡಿದರು. ಬಿಸಿಲುಗಾಲ ಹಿರಿಯವನಿಗೆ, ಚಳಿಮಳೆಗಾಲ ಕಿರಿಯವನಿಗೆ.

ಕಾಲ ಬದಲಾಯಿತೆಂದು ಹೇಳುವವರು ಯಾರು? ಅದಕ್ಕೂ ಮಾವ ದಾರಿ ಹುಡುಕಿದ್ದರು. ಕ್ಯಾಲೆಂಡರನ್ನು ಅವರು ನಂಬುತ್ತಿರಲಿಲ್ಲ, ಮೋಡವನ್ನು ಇನ್ನೂ ನಂಬುತ್ತಿರಲಿಲ್ಲ. "ಗಿರಾಕಿ ಬಾಯಲ್ಲಿ ಬರಬೇಕು. ತಾನಾಗಿ ಬಂದು ಯಾರಾದ್ರೂ ಮೊದಲು ರೇನ್‌ಕೋಟೋ ಕಂಬಳಿನೋ ಕೇಳಿದ್ರೆ ಬೀಗದಕೈ ಚಿಕ್ಕವನಿಗೆ. ಫ್ಯಾನೋ ಹೂಜಿನೋ ಕೇಳಿದ್ರೆ ದೊಡ್ಡವನಿಗೆ. ನೀವ್ಯಾರೂ ಹೇಳಿಕೊಟ್ಟು ಕೇಳಿಸಬಾರದು." ಒಮ್ಮೆ ಮಾತ್ರ ಜಗಳ ಬಂದಿತ್ತು. ನೆತ್ತಿ ಸುಡುವ ಬಿಸಿಲಲ್ಲಿ ಒಬ್ಬಾಕೆ ಬಂದು ಛತ್ರಿ ಕೇಳಿದಳು. ಛತ್ರಿ ಮಳೆಯದ್ದು ಎಂದು ಕಿರಿಯವನು, ಬಿಸಿಲಿಗೆ ಕೊಂಡದ್ದು ಎಂದು ಹಿರಿಯವನು. ಮಾವ ಇಬ್ಬರನ್ನೂ ಗದರಿ, "ಛತ್ರಿ ಇಬ್ಬರದ್ದೂ. ಯಾವ ಕಾಲದಲ್ಲೂ ಕೆಳಗೇ ಇರಲಿ" ಎಂದು ತೀರ್ಪು ಕೊಟ್ಟರು. ಅಂದಿನಿಂದ ಛತ್ರಿಗಳು ಬಾಗಿಲ ಪಕ್ಕದ ಡಬ್ಬದಲ್ಲಿ ಖಾಯಂ ಆದವು.

ಬೀಗದಕೈ ಕೈ ಬದಲಾದ ದಿನ ಅಟ್ಟ ಇಳಿಸುವ ದಿನ. ಒಂದು ಕಾಲದ ಸಾಮಾನು ಅಟ್ಟಕ್ಕೆ ಏರಬೇಕು, ಇನ್ನೊಂದು ಕಾಲದ್ದು ಇಳಿಯಬೇಕು. ಎರಡೂ ಮನೆಯವರು ಮರದ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಧೂಳಿಗೆ ಸೀನು, ಸೀನಿಗೆ ನಗು. ಯಾವ ಮುನಿಸಿದ್ದರೂ ಆ ದಿನ ಮೆಟ್ಟಿಲ ಮೇಲೆ ಉಳಿಯುತ್ತಿರಲಿಲ್ಲ, ಏಕೆಂದರೆ ಮುನಿಸಿಕೊಂಡವರ ಕೈಗೂ ಪೆಟ್ಟಿಗೆ ಬಂದೇ ಬರುತ್ತಿತ್ತು.

ಬೇಸಿಗೆಯಮ್ಮ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಳಿತು ಜನರನ್ನು ನೋಡುತ್ತ ನೋಡುತ್ತ ನಡುವಯಸ್ಸು ದಾಟಿದವಳು. ಸೆಖೆಗೆ ಒಂದು ರಾತ್ರಿ ನಿದ್ದೆಗೆಟ್ಟವರು ಬಂದು ಫ್ಯಾನಿನ ಬೆಲೆ ಕೇಳಿ ಹೋಗುತ್ತಾರೆ, ಎರಡು ರಾತ್ರಿ ನಿದ್ದೆಗೆಟ್ಟವರು ಬೆಲೆ ಕೇಳದೆ ಎತ್ತಿಕೊಂಡು ಹೋಗುತ್ತಾರೆ. ಗಾಳಿಯಾಡದ ಬೆವರಿನ ದಿನ ಜನ ಕೈಗೆತ್ತಿಕೊಂಡದ್ದನ್ನೂ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತಾರೆ. ಬಿರುಬಿಸಿಲ ದಿನವೊಂದರ ಸಂಜೆ ತಂಗಾಳಿ ಎದ್ದರೆ ಅದೇ ಜನ ಬೇಕಿಲ್ಲದ ಹೂವಿನ ಚಿತ್ತಾರದ ಹೊದಿಕೆಯನ್ನು ನಗುನಗುತ್ತ ಕೊಳ್ಳುತ್ತಾರೆ. ಮಳೆಗಾಲದ ಗುಟ್ಟುಗಳನ್ನು ಹೇಳಿಕೊಟ್ಟವಳು ವಾರಗಿತ್ತಿ. ಹನಿ ಮಳೆಗೆ ರೇನ್‌ಕೋಟು ಖರ್ಚಾಗುತ್ತದೆ, ಜಡಿಮಳೆಗೆ ಖರ್ಚಾಗುವುದು ಬಾಚಣಿಗೆ.

"ಬಾಚಣಿಗೆಯಾ?" ಎಂದು ಬೇಸಿಗೆಯಮ್ಮ ಮೊದಲ ಸಲ ಕೇಳಿದಾಗ ನಕ್ಕುಬಿಟ್ಟಿದ್ದಳು.

"ಹೂಂ ಅಕ್ಕ. ಮಳೆಗೆ ಒಳಗೆ ಬಂದು ನಿಲ್ತಾರೆ. ಸುಮ್ನೆ ನಿಲ್ಲೋಕೆ ಸಂಕೋಚ. ಏನಾದ್ರೂ ಚಿಕ್ಕದು ಕೊಳ್ಳೋಣ ಅಂತ ಕಣ್ಣಾಡಿಸ್ತಾರೆ. ತಲೆ ಒದ್ದೆ ಆಗಿರುತ್ತಲ್ಲ, ಕಣ್ಣು ಸೀದಾ ಬಾಚಣಿಗೆಗೇ ಹೋಗುತ್ತೆ."

ಈ ವಾರಗಿತ್ತಿಯ ಮೇಲೆ ಬೇಸಿಗೆಯಮ್ಮನಿಗೆ ಇದ್ದದ್ದು ಬರಿಯ ಪ್ರೀತಿಯಲ್ಲ, ಋಣ. ಕೆಲವು ವರ್ಷಗಳ ಹಿಂದೆ ಬೇಸಿಗೆ ನೆತ್ತಿಗೇರಿದ್ದ ಹೊತ್ತಿನಲ್ಲಿ ಅವಳು ಅಟ್ಟದ ಮೆಟ್ಟಿಲಿಂದ ಫ್ಯಾನಿನ ಪೆಟ್ಟಿಗೆಯ ಸಮೇತ ಜಾರಿ ಬಿದ್ದಿದ್ದಳು. ಫ್ಯಾನಿಗೆ ಏನೂ ಆಗಲಿಲ್ಲ, ಅವಳ ಕಾಲು ಮುರಿಯಿತು. ಆಗ ಅಂಗಡಿ ಬೇಸಿಗೆಯವರದ್ದು, ಮಳೆಯವರಿಗೆ ಬಿಡುವು. ಮಳೆಯಮ್ಮ ಬಿಡುವಿನಲ್ಲಿ ಪ್ರತಿ ವರ್ಷ ಅಮ್ಮನ ಮನೆಗೆ ಹೋಗುತ್ತಿದ್ದಳು. ಆ ವರ್ಷ ಹೋಗಲಿಲ್ಲ. ಬೆಳಗ್ಗೆ ಎದ್ದು ಬಿಸಿನೀರು ಹೊತ್ತು ತಂದು ಅಕ್ಕನ ಮೈ ಒರೆಸಿ, ವಾರಕ್ಕೊಮ್ಮೆ ಮಂಚದ ಅಂಚಿಗೆ ತಲೆ ಇಳಿಬಿಡಿಸಿ ಕೂದಲು ತೊಳೆದು, ಸಿಕ್ಕು ಬಿಡಿಸಿ, ಆಮೇಲೆ ಅಂಗಡಿಗೆ ಹೋಗಿ ಸಂಜೆಯವರೆಗೆ ಅಕ್ಕನ ಸ್ಟೂಲಿನ ಮೇಲೆ ಕುಳಿತು ಫ್ಯಾನು ಮಾರಿದಳು. ತನ್ನ ಕಾಲದ ಸಾಮಾನು ಒಂದನ್ನೂ ಕೆಳಗಿಳಿಸಲಿಲ್ಲ. ಕಾಲು ನೆಟ್ಟಗಾದ ಮೇಲೆ ಆ ಮಾತನ್ನು ಎಂದೂ ಎತ್ತಲೂ ಇಲ್ಲ. ಬೇಸಿಗೆಯಮ್ಮನೇ ಎತ್ತಲು ಹೋದರೆ, "ಸಾಕು ಸುಮ್ನಿರಿ ಅಕ್ಕ, ನಿಮ್ಮ ತಲೆಯಲ್ಲಿ ಇದ್ದದ್ದು ಒಂದು ಹಿಡಿ ಕೂದಲು" ಎಂದು ತೇಲಿಸಿಬಿಡುತ್ತಿದ್ದಳು.

ಆದರೆ ಮಾವನ ಪಾಲು ನ್ಯಾಯವಾಗಿ ಇದ್ದದ್ದು ಕಾಲಗಳು ನ್ಯಾಯವಾಗಿ ಬರುತ್ತಿದ್ದಾಗ. ಮಾವ ಹೋದ ಮೇಲೆ ಬಿಸಿಲು ವರ್ಷದಿಂದ ವರ್ಷಕ್ಕೆ ಕಾಲು ಚಾಚತೊಡಗಿತು. ಹಿಂದಿನ ವರ್ಷ ಮಳೆ ಒಂದೇ ಉಸಿರಿಗೆ ಸುರಿದು, ಚರಂಡಿಗಳನ್ನೆಲ್ಲ ಉಕ್ಕಿಸಿ, ಬಂದಷ್ಟೇ ಅವಸರದಲ್ಲಿ ಹೊರಟುಹೋಗಿತ್ತು. ಅಟ್ಟದಿಂದ ಇಳಿದ ಕಂಬಳಿಗಳ ಮಡಿಕೆ ಬಿಚ್ಚುವ ಮೊದಲೇ ಯಾರೋ ಬಂದು ಫ್ಯಾನು ಕೇಳಿದರು. ಮೈದುನ ಬೀಗದಕೈ ತಂದು ಅಣ್ಣನ ಕೈಗಿಟ್ಟ. ಈ ವರ್ಷವಂತೂ ಮಳೆಯ ಸುಳಿವೇ ಇಲ್ಲ. ಮೈದುನ ಅಂಗಳದಲ್ಲಿ ಕುಳಿತು ಹರಿದ ಛತ್ರಿಗಳಿಗೆ ಕಡ್ಡಿ ಕಟ್ಟುತ್ತಿದ್ದ, ವಾರಗಿತ್ತಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಕೊನೆಗೆ ಬೇರೆ ಊರಿನ ನೆಂಟರ ಗೋದಾಮಿನಲ್ಲಿ ಮೈದುನನಿಗೆ ಕೆಲಸವಾಯಿತು. ಸಂಸಾರ ಸಮೇತ ಹೋಗುವುದೆಂದು ನಿಶ್ಚಯವಾಯಿತು. ಸೋಮವಾರ ಲಾರಿ ಬರುತ್ತದೆ.

ಬೇಸಿಗೆಯಮ್ಮ ಗಂಡನ ಹತ್ತಿರ ಮಾತಾಡಿದಳು. "ರೀ, ಬೀಗದಕೈ ಕೊಟ್ಟುಬಿಡೋಣ. ಅವರೂ ಬದುಕಬೇಕಲ್ಲ."

"ಕೊಡಬೇಡ ಅಂದ್ನಾ ನಾನು? ಅಪ್ಪ ಹೇಳಿದ್ದೇನು? ಗಿರಾಕಿ ಕೇಳಬೇಕು. ನಾಳೆ ನಾನೇ ಮಾತು ಮುರಿದ್ರೆ ಆಮೇಲೆ ಯಾವ ಮಾತು ಉಳಿಯುತ್ತೆ?" ಅವನು ಕಟುಕನಲ್ಲ. ಅಪ್ಪ ಬಿಟ್ಟುಹೋದ ಗಡಿಯಾರಕ್ಕೆ ಇಂದಿಗೂ ದಿನವೂ ಅದೇ ಹೊತ್ತಿಗೆ ಕೀಲಿ ಕೊಡುವ ಮನುಷ್ಯ.

ವಾರಗಿತ್ತಿಯ ಹತ್ತಿರ ಮಾತಾಡಿದಳು. ಅವಳು ಅದಕ್ಕೂ ಒಂದು ಕೈ ಮೇಲು. "ಯಾರೂ ಕೇಳದೆ ಬರೋ ಬೀಗದಕೈ ನಮಗೆ ಬೇಡ ಅಕ್ಕ. ಕನಿಕರದ ಮೇಲೆ ಅಂಗಡಿ ನಡೆಸೋದು ಹೇಗೆ?"

ಎದುರಿನ ಟೀ ಅಂಗಡಿಯವನಿಗೆ ಕಿವಿಯಲ್ಲಿ ಹೇಳಿ ಒಂದು ಸ್ವೆಟರು ಕೇಳಿಸಿಬಿಡಲೇ ಎಂಬ ಯೋಚನೆಯೂ ಅವಳಿಗೆ ಬಂದಿತ್ತು. ಆದರೆ ಆ ಮನುಷ್ಯನ ಹೊಟ್ಟೆಯಲ್ಲಿ ಟೀ ಕೂಡ ನಿಲ್ಲುತ್ತಿರಲಿಲ್ಲ, ಇನ್ನು ಗುಟ್ಟು ನಿಲ್ಲುವುದುಂಟೇ? ಸಿಕ್ಕಿಬಿದ್ದರೆ ವಾರಗಿತ್ತಿ ಮುಖ ಕೊಟ್ಟು ಮಾತಾಡಳು. ಸುಮ್ಮನಾದಳು. ದಿನವೂ ಆಕಾಶ ನೋಡಿದಳು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿಯಾಗಿತ್ತು.

ಲಾರಿ ಬರುವುದಕ್ಕೆ ಮೊದಲಿನ ಶನಿವಾರ ಮಧ್ಯಾಹ್ನ. ಬೀದಿಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಗಂಡ ಇಬ್ಬರು ಗಿರಾಕಿಗಳಿಗೆ ಮೇಜಿನ ಫ್ಯಾನು ತಿರುಗಿಸಿ ತೋರಿಸುತ್ತಿದ್ದ. ಆಗ ಮೂಲೆಮನೆಯ ಬಡಗಿ ಓಡಿಬಂದ. ಅಂಗಿಯ ಬೆನ್ನೆಲ್ಲ ಒದ್ದೆ, ಹುಬ್ಬಿನ ಮೇಲೆ ಮರದ ಹೊಟ್ಟು.

"ಅಮ್ಮಾ, ಕಂಬಳಿ ಇದ್ಯಾ? ದಪ್ಪದ್ದು ಬೇಕು."

ಫ್ಯಾನು ನೋಡುತ್ತಿದ್ದವರು ತಿರುಗಿ ನೋಡಿದರು. ಗಂಡ ನಕ್ಕ. "ಏನಯ್ಯಾ, ಬಿಸಿಲು ತಲೆಗೇರಿತಾ?"

"ತಮಾಷೆ ಬೇಡ ಅಣ್ಣ. ಹೆಂಡತಿಗೆ ಜ್ವರ. ಮುಟ್ಟಿದ್ರೆ ಕೆಂಡ, ಆದ್ರೂ ಗಡಗಡ ನಡುಗ್ತಿದಾಳೆ. ಡಾಕ್ಟ್ರು ಬಂದು ಸೂಜಿ ಹಾಕಿ ಹೋದ್ರು. ನಡುಕ ನಿಲ್ಲೋತನಕ ಹೊದಿಸು ಅಂದ್ರು. ಇದ್ದಬದ್ದ ಬಟ್ಟೆಯೆಲ್ಲ ಹೊದಿಸಿದೀನಿ, ಸಾಲ್ತಾ ಇಲ್ಲ."

ಬೇಸಿಗೆಯಮ್ಮ ಸ್ಟೂಲಿನಿಂದ ಎದ್ದಳು. ಬಿದ್ದ ಮೇಲೆ ಅವಳು ಆ ಮೆಟ್ಟಿಲಿಗೆ ಕಾಲಿಟ್ಟಿರಲಿಲ್ಲ. "ಇಳಿಯೇ, ನಾನು ಹತ್ತುತ್ತೀನಿ" ಎಂದು ಗಂಡ ಕೂಗುವಷ್ಟರಲ್ಲಿ ಅರ್ಧ ಹತ್ತಿದ್ದಳು. ಕಬ್ಬಿಣದ ಒಲೆಯ ಹಾಗೆ ಕಾದಿದ್ದ ಅಟ್ಟದಲ್ಲಿ ಕತ್ತಲಲ್ಲೇ ಕೈಯಾಡಿಸಿ ಎಲ್ಲಕ್ಕಿಂತ ದಪ್ಪನೆಯ ಕಂದು ಕಂಬಳಿಯನ್ನು ಎಳೆದು ಎದೆಗವಚಿಕೊಂಡು, ಒಂದೊಂದೇ ಮೆಟ್ಟಿಲು ಇಳಿದಳು. ಬಡಗಿ ಅದನ್ನು ಹೆಗಲಿಗೆ ಹಾಕಿಕೊಂಡು ಓಡಿದ.

ಅವಳು ಬೆವರು ಒರೆಸಿಕೊಂಡು ಗಂಡನ ಮುಂದೆ ಅಂಗೈ ಚಾಚಿದಳು. "ಬೀಗದಕೈ ಕೊಡಿ."

"ಅಯ್ಯೋ, ಅದು ಜ್ವರ ಕಣೇ! ಮಳೆಗಾಲ ಅಲ್ಲ."

"ಯಾಕೆ ಕೇಳಿದ್ರು ಅಂತ ವಿಚಾರಿಸಿ ಅಂದಿದ್ರಾ ಮಾವ? ಕೇಳಿದ್ರೆ ಸಾಕು ಅಂದಿದ್ರು. ತಾನಾಗಿ ಬಂದ, ಕಂಬಳಿ ಅಂದ. ನೀವೂ ಕೇಳಿಸ್ಕೊಂಡ್ರಿ, ಈ ಇಬ್ಬರೂ ಕೇಳಿಸ್ಕೊಂಡ್ರು."

ಫ್ಯಾನಿನ ಗಿರಾಕಿಗಳಿಗೆ ಏನೂ ಅರ್ಥವಾಗಲಿಲ್ಲ, ಆದರೂ ಹೌದೆಂದು ತಲೆಯಾಡಿಸಿದರು. ಗಂಡ ತಿರುಗುತ್ತಿದ್ದ ಫ್ಯಾನು ಆರಿಸಿದ. ಆಮೇಲೆ ಸೊಂಟದಿಂದ ಬೀಗದಕೈ ಬಿಚ್ಚಿದ. ಬಿಚ್ಚುವಾಗ ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ. ಕೊಡಲು ಅಪ್ಪನ ಒಪ್ಪಿಗೆ ಸಿಕ್ಕಿದವನ ನೆಮ್ಮದಿ.

ಅಂಗಳದ ಆಚೆ ವಾರಗಿತ್ತಿ ಮೊಣಕಾಲೂರಿ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದಳು. ಗೋಡೆಯ ಮೇಲೆ ಫೋಟೋಗಳಿದ್ದ ಜಾಗದಲ್ಲಿ ಬಿಳಿ ಚೌಕಗಳಷ್ಟೇ ಉಳಿದಿದ್ದವು.

"ಮೂಲೆಮನೆ ಬಡಗಿ ಕಂಬಳಿ ಕೇಳಿದ ಕಣೇ. ತಗೋ."

ವಾರಗಿತ್ತಿ ಬೀಗದಕೈಯನ್ನು ನೋಡಿದಳು, ಹೊರಗಿನ ಬಿಸಿಲನ್ನು ನೋಡಿದಳು. "ಈ ಬಿಸಿಲಲ್ಲಿ? ಎಷ್ಟು ಟೀ ಕುಡಿಸಿ ಕಳಿಸಿದ್ರಿ ಅವನಿಗೆ?"

"ನನ್ನ ಮುರಿದ ಕಾಲಾಣೆಗೂ ನಾನು ಕಳಿಸಿಲ್ಲ. ನಂಬಿಕೆ ಇಲ್ಲ ಅಂದ್ರೆ ಎದ್ದು ಬಾ, ಕಣ್ಣಾರೆ ನೋಡು."

ಇಬ್ಬರೂ ಮೂಲೆಮನೆಗೆ ಹೋದರು. ಬಡಗಿಯ ಹೆಂಡತಿ ಕಂದು ಕಂಬಳಿಯೊಳಗೆ ಮುದುರಿಕೊಂಡಿದ್ದಳು, ಹಲ್ಲು ಕಟಕಟ ಎನ್ನುತ್ತಿತ್ತು. ಬಡಗಿ ಒಂದು ಕೈಯಲ್ಲಿ ಲೋಟ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ವಾರಗಿತ್ತಿ ಸೆರಗು ಸಿಕ್ಕಿಸಿ, ಅವನ ಕೈಯಿಂದ ಲೋಟ ತೆಗೆದುಕೊಂಡು ಮಂಚದ ಅಂಚಿನಲ್ಲಿ ಕುಳಿತಳು. ರೋಗಿಯ ಕತ್ತಿನ ಕೆಳಗೆ ಕೈಯಿಟ್ಟು ಚೂರುಚೂರೇ ನೀರು ಕುಡಿಸಿದಳು. ನಡುಕ ನಿಂತ ಮೇಲೆ ಕಂಬಳಿ ಸರಿಸಿ ಹಣೆಗೆ ಒದ್ದೆ ಬಟ್ಟೆಯಿಟ್ಟಳು, ಮುಖಕ್ಕೆ ಅಂಟಿದ್ದ ಕೂದಲನ್ನು ಬೆರಳಲ್ಲೇ ಹಿಂದಕ್ಕೆ ಬಾಚಿದಳು. ಬಾಗಿಲಲ್ಲಿ ನಿಂತ ಬೇಸಿಗೆಯಮ್ಮನಿಗೆ ತನ್ನದೇ ಮಂಚ, ತನ್ನದೇ ತಲೆ ಕಂಡಂತಾಯಿತು. ಆಗ ತಾನು ಮಲಗಿ ಚಾವಣಿ ನೋಡುತ್ತಿದ್ದಳು. ಈ ಕೈಗಳು ಎಷ್ಟು ಹಗುರವಾಗಿ ಚಲಿಸುತ್ತವೆ ಎಂದು ನೋಡಿರಲೇ ಇಲ್ಲ. "ಗಂಜಿಗೆ ಸ್ಟೌ ಹಚ್ಚಲಾ?" ಎಂದು ಕೇಳಿದಳು.

ಮರಳಿ ಬರುವಾಗ ವಾರಗಿತ್ತಿ ತಾನಾಗಿ ಕೈ ಚಾಚಿ ಬೀಗದಕೈ ತೆಗೆದುಕೊಂಡಳು. "ಕೇಳಿದ್ದು ನಿಜ" ಎಂದಳು. ಸ್ವಲ್ಪ ದೂರ ನಡೆದು, "ಆದ್ರೆ ಅಕ್ಕ, ಒಂದು ಕಂಬಳಿಗೆ ಲಾರಿ ವಾಪಸ್ ಹೋಗುತ್ತಾ?" ಎಂದಳು.

ಭಾನುವಾರ ಅಟ್ಟ ಇಳಿಸಿದರು. ಫ್ಯಾನುಗಳು ಏರಿದವು, ರೇನ್‌ಕೋಟುಗಳು ಇಳಿದವು. ಬಾಗಿಲಿಗೆ ಅಡ್ಡ ಕಟ್ಟಲು ಹಗ್ಗ ಸಿಗದೆ ವಾರಗಿತ್ತಿ ಟ್ರಂಕಿನ ಹಗ್ಗವನ್ನೇ ಬಿಚ್ಚಿ ತಂದಳು. ಸುಡುಬಿಸಿಲಲ್ಲಿ ಸಾಲಾಗಿ ತೂಗುತ್ತಿದ್ದ ಹಳದಿ ರೇನ್‌ಕೋಟುಗಳನ್ನು ನೋಡಿ ಟೀ ಅಂಗಡಿಯವನು, "ಮಳೆಯಣ್ಣಾ, ಬೆವರಿಗೆ ಹಾಕ್ಕೊಳ್ಳೋದಾ ಇದನ್ನ?" ಎಂದು ಕೂಗಿದ.

"ನಿನ್ನ ಟೀ ಕುಡಿದವರಿಗೆ ಬೇಕಾಗುತ್ತೆ, ಬರೀ ನೀರು!" ಎಂದು ಮೈದುನ ತಿರುಗಿ ಕೂಗಿದ. ಎಷ್ಟೋ ದಿನಗಳ ಮೇಲೆ ಅವನ ದನಿ ಬೀದಿಗೆ ಕೇಳಿಸಿತ್ತು.

ಸೋಮವಾರ ಬೆಳಗ್ಗೆ ಬಾಗಿಲು ತೆರೆಯುತ್ತಲೇ ಬಡಗಿ ಬಂದು ಬಿಸಿನೀರಿನ ಚೀಲ ಕೇಳಿದ. ಹೆಂಡತಿಗೆ ಜ್ವರ ಇಳಿದಿತ್ತು, ಮೈಕೈ ನೋವು ಬಿಟ್ಟಿರಲಿಲ್ಲ. ಅವನು ಹೋದ ಸ್ವಲ್ಪ ಹೊತ್ತಿಗೆ ಲಾರಿ ಬಂದು ನಿಂತಿತು. ಡ್ರೈವರು ಇಳಿದು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಒಳಗೆ ಬಂದ.

"ಸಾಮಾನು ಎಲ್ಲಿದೆ ಸಾರ್? ಅಂದಹಾಗೆ ಗಾಡಿಗೆ ಕೂರಿಸೋ ಸಣ್ಣ ಫ್ಯಾನು ಇದ್ಯಾ? ಬೆಂದುಹೋದೆ."

ಮೈದುನ ಹೆಂಡತಿಯ ಮುಖ ನೋಡಿದ. ಅವಳು ಕೈಯಲ್ಲಿದ್ದ ಸ್ವೆಟರನ್ನು ಮಡಚಿ ಕೆಳಗಿಟ್ಟಳು. ಮೈದುನ ಸೊಂಟದಿಂದ ಬೀಗದಕೈ ತೆಗೆದು ಅಣ್ಣನತ್ತ ಚಾಚಿದ. "ಕೇಳಿದ್ರು ಅಣ್ಣ. ಫ್ಯಾನು."

ಗಂಡ ಕೈ ಚಾಚಲಿಲ್ಲ. ಅಟ್ಟದ ಕಡೆ ನೋಡಿ ಸೊಂಟ ಹಿಡಿದುಕೊಂಡ. ನಿನ್ನೆ ಪೆಟ್ಟಿಗೆ ಏರಿಸಿದ ನೋವು ಇನ್ನೂ ಹೋಗಿರಲಿಲ್ಲ. ಅಪ್ಪನ ಮಾತು ಒಂದು ಕಡೆ, ಹೊರಗೆ ನಿಂತ ಲಾರಿ ಒಂದು ಕಡೆ.

ಆಗ ಬೇಸಿಗೆಯಮ್ಮ ಎದ್ದು ಬಂದು ಬೀಗದಕೈಯನ್ನು ಮೈದುನನ ಕೈಯಿಂದ ತೆಗೆದುಕೊಂಡಳು.

"ಬೆಳಗ್ಗೆ ಬಿಸಿನೀರಿನ ಚೀಲ ಕೇಳಿದ್ರು, ಈಗ ಫ್ಯಾನು ಕೇಳಿದ್ರು. ಒಂದೇ ದಿನ ಎರಡೂ ಕೇಳಿದ್ರೆ ಯಾರಿಗೆ ಅಂತ ಮಾವ ಹೇಳಿದ್ರಾ?"

"ಇಲ್ಲ" ಎಂದ ಗಂಡ.

"ಎರಡಕ್ಕೂ ಬೇಕಾದ್ದು ಯಾರದ್ದು ಅಂದಿದ್ರು? ಛತ್ರಿ ಜಗಳದಲ್ಲಿ?"

ಗಂಡ ಬಾಗಿಲ ಪಕ್ಕದ ಡಬ್ಬ ನೋಡಿದ. ನಿಧಾನವಾಗಿ ಅವನ ಮುಖ ಸಡಿಲಾಯಿತು. "ಇಬ್ಬರದ್ದೂ ಅಂದಿದ್ರು."

"ಈಗ ದಿನಗಳೇ ಛತ್ರಿ ಥರ ಆಗಿವೆ ರೀ. ಒಂದೇ ದಿನ ಎರಡು ಕಾಲ. ಮಾವ ಇದ್ದಿದ್ರೆ ಇಷ್ಟೊತ್ತಿಗೆ ನಿಮ್ಮಿಬ್ಬರ ಕಿವಿ ಹಿಂಡಿರ್ತಿದ್ರು" ಎಂದು ಡಬ್ಬದ ಮೇಲಿನ ಮೊಳೆಗೆ ಬೀಗದಕೈ ತಗುಲಿಸಿದಳು. ಆಮೇಲೆ ವಾರಗಿತ್ತಿಯ ಕಡೆ ತಿರುಗಿದಳು. "ಇದು ಕನಿಕರ ಅಲ್ಲ ಕಣೇ. ನನ್ನ ಕಾಲು ಮುರಿದಾಗ ನೀನು ಬೇಸಿಗೇಲಿ ಕೂತು ಫ್ಯಾನು ಮಾರಿದೆ. ಆಗಲೇ ಪಾಲು ಮುಗಿದುಹೋಗಿತ್ತು. ನಮಗೆ ಗೊತ್ತಾಗೋಕೆ ಇಷ್ಟು ದಿನ ಬೇಕಾಯ್ತು."

ವಾರಗಿತ್ತಿ ಈ ಸಲ ತೇಲಿಸಲಿಲ್ಲ. ಕಣ್ಣು ಒರೆಸಿಕೊಂಡು, "ಅವರಿಗೆ ಫ್ಯಾನು ಕೊಡಿ ಮೊದಲು, ಪಾಪ ಬೇಯ್ತಿದಾರೆ" ಎಂದಳು.

ಗಂಡ ತಾನೇ ಅಟ್ಟ ಹತ್ತಿದ. ಮೈದುನ ಮೆಟ್ಟಿಲ ಕೆಳಗೆ ಕೈ ಚಾಚಿ ನಿಂತ. ಡ್ರೈವರು ಟ್ರಂಕುಗಳಿಲ್ಲದೆ ಒಂದು ಸಣ್ಣ ಫ್ಯಾನು ಮತ್ತು ಒಂದು ಟೋಪಿಯೊಂದಿಗೆ ಹೊರಟ. "ಬಂದ ಕೆಲಸ ಆಗಲಿಲ್ಲ, ಬರದ ಕೆಲಸ ಆಯ್ತು" ಎಂದು ಟೀ ಅಂಗಡಿಯವನ ಹತ್ತಿರ ಹೇಳಿದನಂತೆ.

ಆಮೇಲೆ ಅಂಗಡಿಯ ಅಟ್ಟ ಖಾಲಿಯಾಯಿತು. ಫ್ಯಾನಿನ ಪಕ್ಕದಲ್ಲೇ ಕಂಬಳಿ, ಹೂಜಿಯ ಪಕ್ಕದಲ್ಲೇ ರೇನ್‌ಕೋಟು. ಜಾಗ ಇಕ್ಕಟ್ಟಾಗಿ ದಿನವೂ ಯಾರಾದರೊಬ್ಬರು ಏನನ್ನಾದರೂ ಎಡವುತ್ತಿದ್ದರು. ಬಾಗಿಲ ಹತ್ತಿರ ಎರಡನೆಯ ಸ್ಟೂಲು ಬಂತು. ಮಳೆ ತಡವಾಗಿ, ಒಂದು ಸಂಜೆ ಗುಡುಗುತ್ತ ಬಂದಾಗ ಬೀದಿಯ ಜನರೆಲ್ಲ ಒಳಗೆ ನುಗ್ಗಿ ನಿಂತರು, ಸಂಕೋಚದಿಂದ ಕಣ್ಣಾಡಿಸಿದರು, ಬಾಚಣಿಗೆಯ ಡಬ್ಬ ಖಾಲಿಯಾಯಿತು.

ಅದಕ್ಕೆ ಮೊದಲೇ ಒಂದು ದಿನ ಬಡಗಿಯ ಹೆಂಡತಿ ಕಂದು ಕಂಬಳಿಯನ್ನು ಮಡಚಿ ಹಿಡಿದುಕೊಂಡು ಬಂದಿದ್ದಳು. ಮುಖ ಬಿಳುಪೇರಿತ್ತು, ಆದರೆ ನಗು ಮರಳಿತ್ತು.

"ವಾಪಸ್ ತಗೊಳ್ತೀರಾ ಅಮ್ಮ? ಒಗೆದು ಒಣಗಿಸಿದೀನಿ. ಈ ಸೆಖೇಲಿ ಇದನ್ನ ನೋಡಿದ್ರೇನೇ ಬೆವರು ಬರುತ್ತೆ."

"ಕೊಡಮ್ಮ, ಕೊಡು" ಎಂದು ಬೇಸಿಗೆಯಮ್ಮ ಎರಡೂ ಕೈ ಚಾಚಿ ತೆಗೆದುಕೊಂಡಳು. ಬದಲಿಗೆ ಒಂದು ಟೇಬಲ್ ಫ್ಯಾನು ಕೊಟ್ಟು ಕಳಿಸಿದಳು. ಕಂಬಳಿಯನ್ನು ಮಾರುವ ಸಾಲಿನಲ್ಲಿ ಇಡಲಿಲ್ಲ. ನಾಲ್ಕು ಮಡಿಕೆ ಮಾಡಿ ವಾರಗಿತ್ತಿಯ ಸ್ಟೂಲಿನ ಮೇಲೆ ಹಾಸಿದಳು.

ಒಳಗಿನಿಂದ ಬಂದ ವಾರಗಿತ್ತಿ ಅದನ್ನು ಕಂಡು ಹಣೆ ಚಚ್ಚಿಕೊಂಡಳು. "ಅಯ್ಯೋ ಅಕ್ಕ, ಈ ಬಿಸಿಲಲ್ಲಿ ಕಂಬಳಿ ಮೇಲೆ ಕೂರಿಸ್ತೀರಾ ನನ್ನ?"

"ಕೂತ್ಕೋ ಸುಮ್ನೆ" ಎಂದು ಬೇಸಿಗೆಯಮ್ಮ ಮಾರಾಟಕ್ಕಿಟ್ಟ ಫ್ಯಾನೊಂದನ್ನು ಹಚ್ಚಿ ಅವಳ ಕಡೆ ತಿರುಗಿಸಿದಳು.